ಕರಿ ಗಾಡಿಯ ಮೇಲಿನ ಅಂಗೈ

ಕರಿ ಗಾಡಿ ಕಂಡರೆ ನನಗೆ ಮೈ ಉರಿಯುತ್ತದೆ. ಬಿಳಿ ಗಾಡಿ ಒಳ್ಳೆಯ ಮನೆತನದ ಸೊಸೆ. ಧೂಳು, ಗೀರು, ಕಾಗೆಯ ಹಿಕ್ಕೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ಕರಿ ಗಾಡಿ ಬರೀ ಚಾಡಿಕೋರ. ಒಂದು ಬೆರಳು ತಾಗಿದರೂ ಊರಿಗೆಲ್ಲ ಸಾರುತ್ತದೆ. ಮರಾಠಿ ಸೀಮೆಯ ಕಾತ್ರಜದಲ್ಲಿ ಸಾತಾರಾ ರಸ್ತೆಗೆ ಮುಖ ಮಾಡಿರುವ ನನ್ನ ಪಾಲಿಶ್ ಅಂಗಡಿಗೆ ಯಾರಾದರೂ ಕರಿ ಗಾಡಿ ತಂದರೆ, ಮನಸ್ಸಿನಲ್ಲೇ ನಾಲ್ಕು ಮಾತು ಬೈದುಕೊಂಡು ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತೇನೆ. ಆ ಬೇಸಿಗೆಯಲ್ಲಿ ಬಂದ ಕರಿ ಗಾಡಿಯನ್ನೂ ಹಾಗೆಯೇ ಬಿಟ್ಟುಕೊಂಡಿದ್ದೆ. ಅದು ಚಾಡಿ ಹೇಳಲು ಬಂದದ್ದು ನನ್ನ ಮೇಲೆಯೇ ಎಂದು ಆಗ ಗೊತ್ತಿರಲಿಲ್ಲ.

ನಾನು ಈ ಕೆಲಸ ಕಲಿತದ್ದು ಸ್ವಾರಗೇಟ ಹತ್ತಿರದ ಗ್ಯಾರೇಜಿನಲ್ಲಿ, ಗದಗ ಕಡೆಯ ಒಬ್ಬ ಉಸ್ತಾದರ ಕೈಕೆಳಗೆ. ಆಗ ಇದ್ದದ್ದು ಒಂದೇ ಜಾತಿಯ ಮಷೀನು. ತೂಕ ಅಂದರೆ ತೂಕ, ಮುಂದೆ ಉಣ್ಣೆಯ ಬಿಲ್ಲೆ, ಗುಂಡಿ ಒತ್ತಿದರೆ ಗಿರಣಿಯ ಕಲ್ಲಿನಂತೆ ಒಂದೇ ಕಡೆಗೆ ಗರಗರ ಸುತ್ತುತ್ತದೆ. ಭುಜದಿಂದ ಒತ್ತಿ ಹಿಡಿಯದಿದ್ದರೆ ಕೈಬಿಟ್ಟು ಹಾರುತ್ತದೆ. ಒತ್ತಿ ಒಂದೇ ಕಡೆ ನಿಲ್ಲಿಸಿದಿರೋ, ಬಣ್ಣದ ಮೇಲಿನ ಗಾಜಿನಂಥ ತೆಳುಪದರ ಕಾದು ಸುಟ್ಟು ಹೋಗುತ್ತದೆ. ಅದಕ್ಕೇ ಉಸ್ತಾದರು ನಾಲ್ಕು ಸಲ ಮಷೀನು ಎಳೆದ ಮೇಲೆ ಒಮ್ಮೆ ನಿಲ್ಲಿಸಿ, ಬರಿಗೈಯನ್ನು ಬಣ್ಣದ ಮೇಲೆ ಇಟ್ಟು ನೋಡುತ್ತಿದ್ದರು. ಅದಕ್ಕೆ ಅವರು ಬಿಸಿ ಕೇಳೋದು ಎನ್ನುತ್ತಿದ್ದರು.

"ಕೈ ಇಟ್ಟ ಕೇಳಪಾ. ಸಾಕು ಅಂದ್ರ ಸಾಕು ಅಂತ ಗಾಡಿ ತಾನ ಹೇಳ್ತದ."

ಕೆಲಸವೆಲ್ಲ ಮುಗಿದ ಮೇಲೂ ಕಡೆಯದಾಗಿ ಒಮ್ಮೆ ಅಂಗೈ ಇಟ್ಟು, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಬಿದ್ದ ಗುರುತನ್ನು ಬಟ್ಟೆಯಿಂದ ಒರೆಸಿಬಿಡುತ್ತಿದ್ದರು. ಅವರ ಗುರುತು ನನಗೆ ಚೆನ್ನಾಗಿ ನೆನಪಿದೆ. ಹೆಬ್ಬೆರಳು, ಮೂರು ಬೆರಳು, ಕಿರುಬೆರಳಿನ ಜಾಗದಲ್ಲಿ ಒಂದೇ ಒಂದು ಚುಕ್ಕೆ. ಆ ಬೆರಳು ಒಳಕ್ಕೆ ಮಡಚಿಕೊಂಡಿತ್ತು. ಸಣ್ಣವರಿದ್ದಾಗ ಮಾವಿನ ಗಿಡದಿಂದ ಬಿದ್ದದ್ದು ಎನ್ನುತ್ತಿದ್ದರು. ನನಗೆ ಕಲಿಸುವಾಗ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತುತ್ತಿದ್ದರು. ಆ ಮಡಚಿದ ಬೆರಳು ನನ್ನ ಮಣಿಕಟ್ಟಿಗೆ ಚುಚ್ಚುತ್ತಿತ್ತು.

ವಯಸ್ಸಾದ ಮೇಲೆ ಕಣ್ಣು ಮಂಜಾಯಿತೆಂದು ಹೇಳಿ ಅವರು ಕೆಲಸ ಬಿಟ್ಟರು. ಮಷೀನನ್ನು ನನಗೆ ಕೊಟ್ಟು, "ಇದನ್ನ ಬಿಡಬ್ಯಾಡ" ಎಂದರು. ಅವರನ್ನು ನೋಡಲು ಹೋದಾಗಲೆಲ್ಲ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ಕುಡಿಯುತ್ತಿದ್ದರು. ಮುದುಕರಿಗೆ ಚಹಾದ ಮೇಲೆ ಎಷ್ಟು ಪ್ರೀತಿ ಎಂದು ನಾನು ನಗುತ್ತಿದ್ದೆ. ಆ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಅದರ ಹಿಂದೆಯೇ ಬಂದ ಚಳಿಗಾಲದಲ್ಲಿ ನನ್ನ ಬೆರಳು ಬೆಳ್ಳಗಾಗತೊಡಗಿದವು. ಬೆಳಿಗ್ಗೆ ಸ್ಕೂಟರ್ ಮೇಲೆ ಅಂಗಡಿಗೆ ಬಂದು ಕೈಗವಸು ತೆಗೆದರೆ ಬಲಗೈಯ ಬೆರಳುಗಳು ಗೆಣ್ಣಿನವರೆಗೂ ಸುಣ್ಣ ಬಳಿದಂತೆ ಇರುತ್ತಿದ್ದವು. ಹೆಣದ ಬೆರಳು ನೋಡಿದ್ದೇನೆ, ಥೇಟ್ ಅದೇ ಬಣ್ಣ. ಸ್ವಲ್ಪ ಹೊತ್ತಿಗೆ ಇರುವೆ ಹರಿದಾಡಿದಂತಾಗಿ ಮತ್ತೆ ಕೆಂಪಾಗುತ್ತಿದ್ದವು. ಇನ್ನೊಂದು ವಿಚಿತ್ರ. ಮಷೀನಿನ ವೈರು ಕಿತ್ತು ಪಕ್ಕಕ್ಕಿಟ್ಟ ಮೇಲೂ ನನಗೆ ಅದರ ಗುಂಯ್ ಸದ್ದು ಕೇಳುತ್ತಲೇ ಇರುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ, ದೇವರ ಮುಂದೆ ನಿಂತಾಗ, ಎಲ್ಲ ಕಡೆ. ಅದು ಕಿವಿಯಲ್ಲಿ ಅಲ್ಲ, ಮೊಳಕೈಯ ಎಲುಬಿನ ಒಳಗೆ ಕೂತಿತ್ತು.

ಒಂದು ದಿನ ಯಾರದೋ ಬೂದು ಬಣ್ಣದ ಗಾಡಿಯ ಬಾಗಿಲನ್ನು ಉಜ್ಜುತ್ತಿದ್ದೆ. ನಿಲ್ಲಿಸಿ ಕೈ ಇಟ್ಟು ಬಿಸಿ ಕೇಳಿದೆ. ತಣ್ಣಗಿದೆ ಎಂದಿತು ಕೈ. ಮತ್ತೊಮ್ಮೆ ಎಳೆದೆ. ಬಟ್ಟೆಯಿಂದ ಒರೆಸಿ ನೋಡುತ್ತೇನೆ, ಬಾಗಿಲಿನ ಅಂಚಿನಲ್ಲಿ ಬಣ್ಣವೇ ಇಲ್ಲ, ಕೆಳಗಿನ ಬಿಳಿ ಲೇಪ ಹಲ್ಲು ಕಿರಿಯುತ್ತಿದೆ. ಅಯ್ಯೋ ಶಿವನೇ! ಇಷ್ಟು ವರ್ಷದಲ್ಲಿ ಒಂದು ಗಾಡಿ ಸುಟ್ಟವನಲ್ಲ ನಾನು. ಕೈ ನನಗೆ ಸುಳ್ಳು ಹೇಳಿತ್ತು.

ಡಾಕ್ಟರು ಮರಾಠಿ ಹೆಣ್ಣುಮಗಳು. ಸೂಜಿಯಿಂದ ಚುಚ್ಚಿ, ಕಣ್ಣು ಮುಚ್ಚಿಸಿ, ಏನೇನೋ ನೋಡಿದಳು. ವರ್ಷಗಟ್ಟಲೆ ಮಷೀನಿನ ನಡುಕ ತಿಂದು ಬೆರಳಿನ ನರಗಳು ಸೊರಗಿವೆ, ಆ ಭಾರದ ಮಷೀನು ಇವತ್ತೇ ಬಿಡಬೇಕು, ಹಗುರಾದದ್ದು ಹಿಡಿದು ಬೇಸಿಗೆ ಮುಗಿಯುವ ತನಕ ನೋಡೋಣ, ಸ್ಪರ್ಶ ತಿರುಗಿ ಬರದಿದ್ದರೆ ಕೆಲಸವನ್ನೇ ಬಿಡಬೇಕು, ಇಲ್ಲದಿದ್ದರೆ ನಾಳೆ ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹಾಕಬೇಕಾಗುತ್ತದೆ ಎಂದಳು. "ಹಾತ್ ಸಾಂಭಾಳಾ, ಕಾಕಾ", ಕೈ ಕಾಪಾಡಿಕೊಳ್ಳಿ ಎಂದು ನನ್ನ ಕೈಯನ್ನು ಮೇಜಿನ ಮೇಲೆ ಜೋಪಾನವಾಗಿ ತಿರುಗಿಸಿಟ್ಟಳು, ಅದು ಬೇರೆ ಯಾರದೋ ವಸ್ತು ಎನ್ನುವಂತೆ. ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಓದಿಲ್ಲ, ಬರೆದಿಲ್ಲ. ಇರುವುದು ಇದೊಂದೇ ಕೈ. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಕೂತು ಅತ್ತೆ. ನಾಚಿಕೆಯೇನಿಲ್ಲ ಹೇಳಲಿಕ್ಕೆ.

ಹೊಸ ಮಷೀನಿನ ವಿಷಯ ತಂದವನು ಆ ಕರಿ ಗಾಡಿಯ ಒಡೆಯ. ಮೈಸೂರಿನ ಕಡೆಯವನು, ಕಂಪ್ಯೂಟರ್ ಕೆಲಸ, ಗಾಡಿಯೆಂದರೆ ಪ್ರಾಣ. ಅವನಲ್ಲಿ ಅಂಥ ಮಷೀನು ಮೊದಲೇ ಇತ್ತು, ಉಜ್ಜಲು ಸಮಯವಿರಲಿಲ್ಲ ಅಷ್ಟೇ.

"ಅಣ್ಣ, ಇದು ಡ್ಯುಯಲ್ ಆಕ್ಷನ್. ನನ್ನ ಕಾರ್ ಮೇಲೇ ಕಲೀರಿ, ನಿಧಾನಕ್ಕೆ ಮಾಡಿ, ಅರ್ಜೆಂಟ್ ಇಲ್ಲ. ಒಂದೇ ವಿಷ್ಯ, ಪ್ರೆಸ್ ಮಾಡ್ಬೇಡಿ. ಸುಮ್ನೆ ಹಿಡ್ಕೊಂಡು ಬಿಡಿ, ಅದೇ ಓಡುತ್ತೆ."

ನಿನ್ನೆ ಮೊನ್ನೆ ಮೀಸೆ ಬಂದವನು ನನಗೆ ಮಷೀನು ಹಿಡಿಯುವುದನ್ನು ಕಲಿಸುವುದೇ ಎಂದು ಹೊಟ್ಟೆ ಉರಿಯಿತು. ಆದರೂ ತಗ್ಗಿ ಕಲಿತೆ. ಇದರ ಬಿಲ್ಲೆ ತನ್ನ ಸುತ್ತ ತಾನು ತಿರುಗುತ್ತದೆ, ಜೊತೆಗೆ ಅತ್ತಿತ್ತ ಓಲಾಡಿ ಸಣ್ಣ ಸಣ್ಣ ಸುತ್ತು ಹಾಕುತ್ತದೆ. ಬಣ್ಣ ಅಷ್ಟಾಗಿ ಕಾಯುವುದಿಲ್ಲ, ಹಾಗಾಗಿ ಬಿಸಿ ಕೇಳುವ ಕೆಲಸವೇ ಇಲ್ಲ. ಆದರೆ ಒತ್ತಿದಿರೋ, ತಿರುಗುವುದು ನಿಂತುಹೋಗಿ ಸುಮ್ಮನೆ ನಡುಗುತ್ತದೆ, ಹೊಳಪು ಬರುವುದಿಲ್ಲ. ಸದ್ದು ಮಾತ್ರ ಇದ್ದ ಹಾಗೇ ಇರುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ ಎಂದೇ ಆ ಹುಡುಗ ಬಿಲ್ಲೆ ಕೂರುವ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಒಂದು ಕರಿ ಗೆರೆ ಎಳೆದುಕೊಟ್ಟ. ಗೆರೆ ಮಸುಕಾಗಿ ಓಡುತ್ತಿದ್ದರೆ ತಿರುಗುತ್ತಿದೆ ಎಂದರ್ಥ. ಗೆರೆ ಸ್ಪಷ್ಟವಾಗಿ ಕಂಡರೆ ನಿಂತಿದೆ ಎಂದರ್ಥ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಆ ವಾರ ತಿಳಿಯಿತು. ಹಗುರಾಗಿ, ಹೂವು ಹಿಡಿದಂತೆ ಹಿಡಿದಿದ್ದೇನೆ ಎಂದು ದೇವರಾಣೆ ಮಾಡಿ ಹೇಳಬಲ್ಲೆ. ಆದರೂ ಗೆರೆ ನಿಂತುಬಿಡುತ್ತಿತ್ತು. ಮಷೀನು ಕೂಗುತ್ತಿದೆ, ನಡುಗುತ್ತಿದೆ, ಗೆರೆ ಮಾತ್ರ ನನ್ನನ್ನೇ ನೋಡುತ್ತ ಅಲ್ಲೇ ನಿಂತಿದೆ. ಕೈ ಎತ್ತಿದರೆ ಓಡುತ್ತದೆ, ಇಟ್ಟರೆ ಮತ್ತೆ ನಿಲ್ಲುತ್ತದೆ. "ನಿನ ಹೆಣಾ ಎತ್ತಲಿ, ತಿರುಗ!" ಎಂದು ಬೈದೆ. ಖಾಲಿ ಅಂಗಡಿಯಲ್ಲಿ ನನ್ನ ದನಿ ನನಗೇ ಕೇಳಿ ಮೈ ಜುಮ್ಮೆಂದಿತು. ಯಾಕೆಂದರೆ ಅದೇ ಹೊತ್ತಿಗೆ ಒಂದು ಯೋಚನೆ ಬಂದಿತ್ತು. ನಾನು ಒತ್ತುತ್ತಿಲ್ಲ. ನನ್ನ ಕೈಯ ಮೇಲೆ ಇನ್ನೊಬ್ಬರು ಕೈ ಇಟ್ಟು ಒತ್ತುತ್ತಿದ್ದಾರೆ, ಕಲಿಸುವಾಗ ಒತ್ತುತ್ತಿದ್ದ ಹಾಗೆ.

ಹಳೆಯ ಮಷೀನು ಎದುರಿನ ಹಲಗೆಯ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಬಿಡಬ್ಯಾಡ ಎಂದಿದ್ದರಲ್ಲ, ಬಿಟ್ಟಿದ್ದೆ.

ಮೊದಲ ಗುರುತು ಕಂಡದ್ದು ಡಿಕ್ಕಿಯ ಮುಚ್ಚಳದ ಮೇಲೆ. ಬೆಳಗಿನಿಂದ ಹೆಣಗಿ ಅದೊಂದನ್ನು ಮುಗಿಸಿ, ಕೈಗವಸು ತೆಗೆದು, ಬಟ್ಟೆಯಿಂದ ಒರೆಸಿ, ಶಟರ್ ಎಳೆದು ಬೀಗ ಹಾಕಿ ಮನೆಗೆ ಉಣ್ಣಲು ಹೋಗಿದ್ದೆ. ತಿರುಗಿ ಬಂದು ಶಟರ್ ಎತ್ತಿದೆ. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬಿತ್ತು. ಆ ಬೆಳಕಿನಲ್ಲಿ ಕರಿ ಬಣ್ಣದ ನಟ್ಟನಡುವೆ ಒಂದು ಅಂಗೈ. ಹೆಬ್ಬೆರಳು, ಮೂರು ಬೆರಳು. ಕಿರುಬೆರಳಿನ ಜಾಗದಲ್ಲಿ ಒಂದು ಚುಕ್ಕೆ.

ನಾನು ಬಾಗಿಲಲ್ಲೇ ನಿಂತೆ. ಹಿಂದೆ ರಸ್ತೆಯಲ್ಲಿ ಕರ್ನಾಟಕದ ಕಡೆಯ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಬೀಗದ ಕೈ ನನ್ನ ಉಡಿದಾರದಲ್ಲಿತ್ತು, ಇನ್ನೊಂದು ಇಲ್ಲವೇ ಇಲ್ಲ. ಒಳಗೆ ಬೆಕ್ಕು ನುಗ್ಗಲೂ ಜಾಗವಿಲ್ಲ. ನಮ್ಮವ್ವ ಹೇಳುತ್ತಿದ್ದಳು, ದೆವ್ವಕ್ಕೆ ಕತ್ತಲೆಯೇ ಬೇಕು ಅಂತಿಲ್ಲ, ನಡು ಮಧ್ಯಾಹ್ನ ಊರೆಲ್ಲ ಉಂಡು ಮಲಗಿದಾಗಲೂ ತಿರುಗುತ್ತದೆ ಎಂದು. ಗುರುತನ್ನು ಒರೆಸಿದೆ. ಒರೆಸುವಾಗ ಬಟ್ಟೆ ಬಿಸಿಯಿದೆಯೋ ತಣ್ಣಗಿದೆಯೋ ಕೂಡ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಬಾಗಿಲಿನ ಮೇಲೆ ಬಂತು. ಅದೇ ಕೈ, ಅದೇ ಚುಕ್ಕೆ, ಅದೇ ನಡು ಮಧ್ಯಾಹ್ನ. ಅವತ್ತು ಊಟ ಸೇರಲಿಲ್ಲ. ಯಾರಿಗೆ ಹೇಳಲಿ? ಆ ಹುಡುಗನಿಗೆ ಹೇಳಿದರೆ ಗಾಡಿ ವಾಪಸ್ ಒಯ್ಯುತ್ತಾನೆ. ಹೆಂಡತಿಗೆ ಹೇಳಿದರೆ ಮನೆಗೆ ಜಂಗಮರನ್ನು ಕರೆಸುತ್ತಾಳೆ. ಮರುದಿನ ಅಮಾವಾಸ್ಯೆ. ಹಳೆಯ ಮಷೀನಿನ ಬಟ್ಟೆ ಸರಿಸಿ, ಧೂಳು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಶೇವಂತಿಗೆ ಹೂವಿಟ್ಟು, ಕಾಯಿ ಒಡೆದು ಕೈ ಮುಗಿದೆ.

"ಉಸ್ತಾದ್ರ, ನಾ ಬೇಕಂತ ಬಿಟ್ಟಿಲ್ರಿ. ಕೈ ಹೋಗಾಕತ್ತಿತ್ರಿ. ಈ ಹೊಸಾದ ಹಿಡದ ಮ್ಯಾಲ ಈಗ ಆರಾಮ ಆಗಾಕತ್ತೇದ್ರಿ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಆರಾಮ ಆಗುತ್ತಿದೆ ಎಂದು ಅವರಿಗೆ ಸುಳ್ಳು ಹೇಳಿದ್ದಲ್ಲ. ನಾನು ನಂಬಿದ್ದೆ. ಚಳಿ ಹೋಗಿತ್ತು, ಬೆರಳು ಬೆಳ್ಳಗಾಗುವುದು ನಿಂತಿತ್ತು. ಎಲುಬಿನೊಳಗಿನ ಗುಂಯ್ ಕೂಡ ಸಣ್ಣಗಾಗಿತ್ತು. ಹೆಂಡತಿ ದಿನಾ ಕೇಳುತ್ತಿದ್ದಳು, ದಿನಾ "ಭಾಳ ಆರಾಮ ಅದ" ಎನ್ನುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಚಹಾವನ್ನು ಮಾತ್ರ ಯಾಕೋ ಕಪ್ಪಿನಲ್ಲಿ ಕೊಡುವುದು ಬಿಟ್ಟು ದೊಡ್ಡ ಸ್ಟೀಲಿನ ಲೋಟದಲ್ಲಿ ಅರ್ಧಕ್ಕೆ ಹಾಕಿ ಕೊಡುತ್ತಿದ್ದಳು.

ಕಡೆಗೆ ಉಳಿದದ್ದು ಬಾನೆಟ್ಟು. ಅವತ್ತು ಮನೆಗೆ ಊಟಕ್ಕೆ ಹೋಗುವುದಿಲ್ಲ, ಅಂಗಡಿ ಬಿಟ್ಟು ಕದಲುವುದೇ ಇಲ್ಲ, ಬರುವವರು ನನ್ನ ಕಣ್ಣೆದುರಿಗೇ ಬರಲಿ ಎಂದು ಹಟ ಹಿಡಿದೆ. ಬುತ್ತಿಯನ್ನು ಅಂಗಡಿಗೇ ತರಲು ಹೆಂಡತಿಗೆ ಹೇಳಿದ್ದೆ. ಅವತ್ತು ಗೆರೆ ಚೆನ್ನಾಗಿ ಓಡಿತು. ನಾನು ಗೆರೆಯನ್ನೇ ನೋಡುತ್ತ, ಅದು ನಿಂತಾಗಲೆಲ್ಲ ಕೈ ಸಡಿಲಿಸುತ್ತ, ಒಂದೇ ಸಮನೆ ದುಡಿದೆ. ಅವಳು ಯಾವಾಗ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಳೋ ನೋಡಲಿಲ್ಲ. ಮುಗಿಯಿತು. ಮಷೀನು ಆರಿಸಿದೆ, ಕೈಗವಸು ಕಳಚಿದೆ, ಬಾನೆಟ್ಟನ್ನು ಒರೆಸಿದೆ, ಬಕೆಟ್ಟಿನ ಹತ್ತಿರ ಹೋಗಿ ಕೈ ತೊಳೆದೆ. ಆಮೇಲೆ ಬಿಸಿಲಿಗೆ ನೋಡೋಣವೆಂದು ಅರ್ಧ ಎಳೆದಿದ್ದ ಶಟರನ್ನು ಪೂರ್ತಿ ಎತ್ತಿದೆ.

ಬಾನೆಟ್ಟಿನ ಮೇಲೆ ಅಂಗೈ ಮೂಡಿತ್ತು.

"ನೋಡಿದ್ಯಾ?" ಎಂದೆ ಹೆಂಡತಿಗೆ. "ಈಗ ಒರಸೀನಿ. ಈಗರ ಒರಸೀನಿ. ಉಸ್ತಾದ್ರು ಬಂದಾರ. ಅವರ ಬೆರಳ ನೋಡ ಬೇಕಾದ್ರ."

ಅವಳು ಎದ್ದು ಬಂದು ಗುರುತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ಆದರೆ ಅದು ದೆವ್ವದ ಹೆದರಿಕೆಯಾಗಿರಲಿಲ್ಲ.

"ಏನ ಅಂತೀರಿ? ನೀವ ಕೈ ಇಟ್ರಲ್ರೀ."

"ನಾ? ಯಾವಾಗ?"

"ಈಗ. ಒರಸಿದ ಮ್ಯಾಲ ಕೈ ಇಟ್ರಿ, ಕಣ್ಣಿಗೆ ಒತಗೊಂಡ್ರಿ, ಹೋಗಿ ಕೈ ತೊಳಕೊಂಡ್ರಿ. ಎಷ್ಟೊತ್ತು ಇಟಗೊಂಡ ನಿಂತಿದ್ರಿ! ಏನರೆ ಬೇಡಕೊಳ್ಳಾಕತ್ತೀರಿ ಅಂತ ನಾ ಮಾತಾಡಸಲಿಲ್ಲ." ಅವಳ ದನಿ ಅಲ್ಲಿಗೆ ತಗ್ಗಿತು. "ನಿಮಗ ಗೊತ್ತ ಆಗಲಿಲ್ಲೇನ್ರೀ?"

ಗೊತ್ತಾಗಿರಲಿಲ್ಲ. ಯಾರಾದರೂ ಹೇಗೆ ನಂಬಬೇಕು? ಉಸ್ತಾದರಿಂದ ಕಲಿತು ಜೀವಮಾನವಿಡೀ ಮಾಡಿದ ಕೆಲಸವನ್ನು ಕೈ ತಾನೇ ಮಾಡಿ ಮುಗಿಸಿತ್ತು. ಬಿಸಿ ಕೇಳಿತ್ತು, ಏನೂ ಕೇಳಿಸದೆ ಅಲ್ಲೇ ನಿಂತಿತ್ತು, ಮಾಲೀಕನಿಗೆ ಒಂದು ಮಾತೂ ತಿಳಿಸಿರಲಿಲ್ಲ. ಬಣ್ಣಕ್ಕೆ ತಾಗಿದ್ದು ನನಗೆ ತಾಗಿರಲಿಲ್ಲ. ಉಸ್ತಾದರು ಕಡೆಗೆ ಗುರುತು ಒರೆಸುತ್ತಿದ್ದರು. ನಾನು ಇಟ್ಟದ್ದೇ ತಿಳಿಯದ ಮೇಲೆ ಒರೆಸುವುದೆಲ್ಲಿ ಬಂತು?

"ಹಂಗಾದ್ರ ಈ ಬೆರಳ?" ಎಂದೆ. ಇನ್ನೂ ದೆವ್ವದ ಕಾಲು ಹಿಡಿದುಕೊಂಡೇ ಇದ್ದೆ, ಬಿಡಲು ಮನಸ್ಸಿರಲಿಲ್ಲ.

ಅವಳು ನನ್ನ ಬಲಗೈ ಎತ್ತಿ ನನ್ನ ಕಣ್ಣಿನ ಮುಂದೆ ಹಿಡಿದಳು. ಕಿರುಬೆರಳು ಒಳಕ್ಕೆ ಮಡಚಿಕೊಂಡಿತ್ತು. ನೆಟ್ಟಗೆ ಮಾಡಲು ನೋಡಿದೆ, ಆಗಲಿಲ್ಲ. ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ! ನಾನಂತೂ ನೋಡಿರಲಿಲ್ಲ. ನೋಡಬಾರದೆಂದೇ ನೋಡಿರಲಿಲ್ಲವೇನೋ. ಉಸ್ತಾದರು ಯಾವ ಮಾವಿನ ಗಿಡದಿಂದಲೂ ಬಿದ್ದಿರಲಿಲ್ಲ. ಅವರ ಕಣ್ಣೂ ಮಂಜಾಗಿರಲಿಲ್ಲ. ಆ ಚಹಾದ ಕಪ್ಪು, ಎರಡೂ ಕೈಯ ಹಿಡಿತ, ನಾನು ನಕ್ಕ ನಗು, ಎಲ್ಲ ಒಟ್ಟಿಗೆ ನೆನಪಾದವು. ಇದೇ ಮಷೀನು ಅವರಿಗೆ ಮಾಡಿದ್ದನ್ನು ನನಗೂ ಮಾಡಿತ್ತು.

"ಕಣ್ಣ ಮುಚ್ಚರಿ" ಎಂದಳು. ಮುಚ್ಚಿದೆ. "ನಿಮ್ಮ ಬೆರಳ ಹಿಡೀತೀನಿ. ಎಷ್ಟ ಹಿಡದೀನಿ ಹೇಳ್ರಿ."

ಮನಸ್ಸನ್ನೆಲ್ಲ ಕೈಗೆ ಕೊಟ್ಟು ಕಾಯುತ್ತ ನಿಂತೆ. ಏನೋ ಮೆತ್ತಗೆ ಸವರಿದಂತಾಯಿತು. ಖುಷಿಯಿಂದ ಎದೆ ಹಾರಿತು.

"ಎರಡ!"

ಕಣ್ಣು ತೆರೆದೆ. ಅವಳು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ನಾ ಇನ್ನ ಮುಟ್ಟೇ ಇಲ್ರಿ."

ದೆವ್ವವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ ಆಗ. ದೆವ್ವಕ್ಕೆ ಕಾಯಿ ಒಡೆಯಬಹುದು, ನಿಂಬೆಹಣ್ಣು ಕಟ್ಟಬಹುದು, ಕಾಲಿಗೆ ಬೀಳಬಹುದು. ನನ್ನ ಮೈಗೇ ಅಂಟಿಕೊಂಡು, ನನ್ನ ಅಂಗಿಯ ತೋಳಿನೊಳಗೇ ಇದ್ದು, ನನಗೆ ಗೊತ್ತಿಲ್ಲದೆ ತನ್ನ ಪಾಡಿಗೆ ಓಡಾಡುವ ಈ ಕೈಗೆ ಏನು ಒಡೆಯಲಿ?

ಬೇಸಿಗೆ ಮುಗಿಯುವ ತನಕ ಕಾಯಲಿಲ್ಲ. ಮಷೀನು ಅವತ್ತೇ ಕೆಳಗಿಟ್ಟೆ. ಆ ಹುಡುಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ, ಮಷೀನು ನಿಮ್ಮಲ್ಲೇ ಇರಲಿ ಎಂದ. ಅಂಗಡಿ ಬೇರೆಯವರಿಗೆ ಬಿಟ್ಟುಕೊಡುವ ಮಾತು ಎತ್ತಿದಾಗ ಹೆಂಡತಿ ಸಿಟ್ಟಿನಿಂದ ಪಾತ್ರೆ ಕುಕ್ಕಿದಳು.

"ಯಾಕ, ನನ್ನ ಕೈ ಏನ ಗಿಳಿ ಕಚ್ಚಿ ಒಯ್ದಾವ? ನೀವ ಬಾಯಿಲೆ ಹೇಳ್ರಿ, ನಾ ಮಾಡ್ತೀನಿ."

ಹೇಳಿದೆ. ಒತ್ತಬೇಡ, ಬಿಡು, ಗೆರೆ ನೋಡು. ಅವಳು ಒತ್ತಲೇ ಇಲ್ಲ. ಅವಳ ಕೈಗೆ ಮರೆಯಬೇಕಾದ ಹಳೆಯ ಪಾಠವೇ ಇರಲಿಲ್ಲ. ಒಂದು ವಾರದಲ್ಲಿ ಗೆರೆ ಓಡಿದ್ದು ಓಡಿದ್ದೇ. ನಾನು ಹಟದಿಂದ ಕಲಿಯದ್ದನ್ನು ಅವಳು ರೊಟ್ಟಿ ಬಡಿದಷ್ಟು ಸಲೀಸಾಗಿ ಕಲಿತದ್ದು ಕಂಡು ಒಳಗೊಳಗೇ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಹಳೆಯ ಮಷೀನನ್ನು ಗುಜರಿಗೂ ಕೊಡಲಿಲ್ಲ, ಇನ್ನೊಬ್ಬರಿಗೂ ಕೊಡಲಿಲ್ಲ. ಅದರ ವೈರು ಕತ್ತರಿಸಿ ಹಲಗೆಯ ಮೇಲೆಯೇ ಇಟ್ಟಿದ್ದೇನೆ. ಒಮ್ಮೊಮ್ಮೆ ಮಧ್ಯಾಹ್ನ ಅದು ಗುಂಯ್ ಎನ್ನುವುದು ಈಗಲೂ ಕೇಳುತ್ತದೆ. ಅದು ಎಲ್ಲಿಂದ ಬರುತ್ತದೆಂದು ಈಗ ನನಗೆ ಗೊತ್ತು.

ಅವಳಿಗೆ ದಿನಕ್ಕೆ ಒಂದೇ ಗಾಡಿ, ಅದೂ ನಡುನಡುವೆ ನಿಲ್ಲಿಸಿ. ಮುಗಿದ ಮೇಲೆ ನಾನು "ಬಿಸಿ ಅದ ಏನ?" ಎಂದು ಕೇಳುತ್ತೇನೆ. ಈ ಮಷೀನಿಗೆ ಬಿಸಿ ಕೇಳುವ ಅಗತ್ಯವಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಅಂಗೈ ಇಟ್ಟು "ಉಗುರುಬೆಚ್ಚಗ ಅದರಿ" ಎನ್ನುತ್ತಾಳೆ, ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಒರೆಸುವ ಮೊದಲು ನಾನು ಶಟರ್ ಎತ್ತಿ, ಬಗ್ಗಿ, ಓರೆ ಬಿಸಿಲಿನಲ್ಲಿ ಅವಳ ಗುರುತನ್ನು ನೋಡುತ್ತೇನೆ. ಕಿರುಬೆರಳು ಉದ್ದಕ್ಕೆ ಮೂಡಿದ್ದರೆ ಮಾತ್ರ ನಾಳೆಯ ಗಾಡಿಗೆ ಹೂಂ ಅನ್ನುತ್ತೇನೆ.